ಡೀಸೆಲ್ ಗಾಡಿಗೆ ಬೆಂಕಿ ಭಯದ ರೀಕಾಲ್: ಮೆಸೇಜ್ ಬಾರದವರು ಏನು ಮಾಡಬೇಕು?

ಪ್ರಶ್ನೆ: ನಾನು ಮೂಡಿಗೆರೆ ಹತ್ತಿರದ ಕಾಫಿ ಬೆಳೆಗಾರ. 2017ರ ಮಾಡೆಲ್ ಡೀಸೆಲ್ ಎಸ್‌ಯುವಿ ಒಂದನ್ನು ಬೆಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡಿದ್ದೇನೆ. ಸಕಲೇಶಪುರದ ಗೆಳೆಯನ ಹತ್ತಿರವೂ ಅದೇ ಗಾಡಿ ಇದೆ. ಅವನಿಗೆ ಕಂಪನಿಯಿಂದ ಮೆಸೇಜ್ ಬಂದಿದೆ. ಇಜಿಆರ್ ಕೂಲರ್ (ಇಂಜಿನ್ನಿನ ಬಿಸಿ ಹೊಗೆ ತಣಿಸುವ ಭಾಗ) ಸೋರಿ ಬೆಂಕಿ ಹೊತ್ತಿಕೊಳ್ಳಬಹುದು, ಸರ್ವಿಸ್ ಸೆಂಟರ್‌ಗೆ ತನ್ನಿ ಅಂತ. ನನಗೆ ಏನೂ ಬಂದಿಲ್ಲ. ಏಳು ವರ್ಷ ದಾಟಿದ ಗಾಡಿಗೆ ರೀಕಾಲ್ (ದೋಷ ಸರಿಪಡಿಸಲು ಕಂಪನಿಯೇ ವಾಪಸ್ ಕರೆಯುವುದು) ಇಲ್ಲ ಅಂತ ಒಬ್ಬರು ಹೇಳಿದರು. ನಮ್ಮ ಮೆಕ್ಯಾನಿಕ್ ‘ಇಜಿಆರ್ ಬ್ಲಾಕ್ ಮಾಡಿಸಿ, ತಲೆನೋವೇ ಇರಲ್ಲ’ ಅನ್ನುತ್ತಾನೆ. ಚಾರ್ಮಾಡಿ ಘಾಟಿಯಲ್ಲಿ ಆಗಾಗ ಓಡಾಡುತ್ತೇನೆ. ನಿಲ್ಲಿಸಬೇಕಾ? ಅಥವಾ ಗಾಡಿ ಮಾರಿಬಿಡಲಾ?

ಉತ್ತರ: ಮೆಸೇಜ್ ಬರಲಿಲ್ಲ ಅಂದರಲ್ಲ, ಅಲ್ಲಿಂದಲೇ ಶುರು ಮಾಡೋಣ. ನಿಮ್ಮ ಪತ್ರದಲ್ಲಿ ನನಗೆ ಜಾಸ್ತಿ ಯೋಚನೆಗೆ ಹಚ್ಚಿದ್ದು ಅದೇ.

ಕಂಪನಿ ಮೆಸೇಜ್ ಕಳಿಸುವುದು ತನ್ನ ದಾಖಲೆಯಲ್ಲಿರುವ ಮೊಬೈಲ್ ನಂಬರಿಗೆ. ಅದು ಬಹುಶಃ ಇನ್ನೂ ಬೆಂಗಳೂರಿನ ಮೊದಲ ಮಾಲೀಕರ ನಂಬರೇ ಆಗಿರುತ್ತದೆ. ‘ಆ ಗಾಡಿ ಮಾರಿ ಆಯ್ತಲ್ಲ’ ಎಂದು ಅವರು ಡಿಲೀಟ್ ಮಾಡಿ ಸುಮ್ಮನಾಗಿರುತ್ತಾರೆ. ಆರ್‌ಸಿ ನಿಮ್ಮ ಹೆಸರಿಗೆ ಆಗಿದ್ದರೂ ಕಂಪನಿಯ ಕಂಪ್ಯೂಟರಿಗೆ ಆ ಸುದ್ದಿ ತಾನಾಗಿ ಹೋಗಿರುತ್ತದೆ ಎಂದು ನಂಬಿ ಕೂರಬೇಡಿ. ಹೊರಗಿನ ಗ್ಯಾರೇಜಿನಲ್ಲೇ ಸರ್ವಿಸ್ ಮಾಡಿಸುತ್ತಿದ್ದರಂತೂ ಅವರಿಗೆ ನಿಮ್ಮ ಸುಳಿವೇ ಇರುವುದಿಲ್ಲ. ಹಾಸನ, ಚಿಕ್ಕಮಗಳೂರು ಕಡೆ ಬೆಂಗಳೂರು, ಮೈಸೂರಿನಿಂದ ಬಂದ ಹಳೆ ಡೀಸೆಲ್ ಗಾಡಿಗಳು ಬೇಕಾದಷ್ಟಿವೆ. ಅವುಗಳ ಮಾಲೀಕರೆಲ್ಲ ನಿಮ್ಮ ಹಾಗೇ ಕತ್ತಲಲ್ಲಿದ್ದಾರೆ.

ಹಾಗಾಗಿ ಕಾಯಬೇಡಿ, ನೀವೇ ಕೇಳಿ. ಬೇಕಾಗಿರುವುದು 17 ಅಕ್ಷರ, ಅಂಕೆಗಳ ಚಾಸಿಸ್ ನಂಬರ್ ಮಾತ್ರ. ಆರ್‌ಸಿಯಲ್ಲಿ ಇರುತ್ತದೆ. ಕೆಲವು ಗಾಡಿಗಳಲ್ಲಿ ಮುಂದಿನ ಗಾಜಿನ ಕೆಳಮೂಲೆಯಲ್ಲೋ ಬಾಗಿಲ ಕಂಬದ ಮೇಲಿನ ಪಟ್ಟಿಯಲ್ಲೋ ಸಿಗುತ್ತದೆ. ಫೋನಿನಲ್ಲಿ ಓದಿ ಹೇಳುವಾಗ ಒಂದು ನೆನಪಿರಲಿ: ಈ ನಂಬರಿನಲ್ಲಿ ಐ, ಓ, ಕ್ಯೂ ಅಕ್ಷರಗಳನ್ನು ಬಳಸುವುದೇ ಇಲ್ಲ. ಓ ತರಹ ಕಂಡರೆ ಅದು ಸೊನ್ನೆ. ಕಂಪನಿಯ ವೆಬ್‌ಸೈಟಿನಲ್ಲಿ ರೀಕಾಲ್ ವಿಭಾಗಕ್ಕೆ ಹೋಗಿ ನಂಬರ್ ಹಾಕಿದರೆ ಉತ್ತರ ಬರುತ್ತದೆ. ಆಗಲಿಲ್ಲವಾದರೆ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ. ಹಾಗೇ ನಿಮ್ಮ ಹೆಸರು, ಮೊಬೈಲ್ ನಂಬರ್ ಬದಲಾಯಿಸಿಕೊಳ್ಳಲು ಹೇಳಿ. ಮುಂದಿನ ರೀಕಾಲ್ ಆದರೂ ನಿಮ್ಮ ಕೈಗೆ ಸಿಗಲಿ.

ಗೆಳೆಯನ ಗಾಡಿ ಪಟ್ಟಿಯಲ್ಲಿದೆ ಎಂದ ಮಾತ್ರಕ್ಕೆ ನಿಮ್ಮದೂ ಇರಬೇಕೆಂದಿಲ್ಲ. ರೀಕಾಲ್ ಆಗುವುದು ಮಾಡೆಲ್ ಹೆಸರಿನ ಮೇಲಲ್ಲ, ಗಾಡಿ ಯಾವಾಗ ತಯಾರಾಯಿತು, ಅದರಲ್ಲಿ ಯಾವ ಬ್ಯಾಚಿನ ಭಾಗ ಕೂತಿದೆ ಎಂಬುದರ ಮೇಲೆ. 2014ರಲ್ಲಿ ಮಾರುತಿ ಸುಜುಕಿ ಇಂಧನ ತುಂಬಿಸುವ ಕೊಳವೆಯ ದೋಷಕ್ಕೆ 1,03,311 ಕಾರುಗಳನ್ನು ವಾಪಸ್ ಕರೆಯಿತು. ಅವು 2013ರ ನವೆಂಬರ್ 12ರಿಂದ 2014ರ ಫೆಬ್ರವರಿ 4ರ ನಡುವೆ ತಯಾರಾದ ಸ್ವಿಫ್ಟ್, ಡಿಜೈರ್, ಎರ್ಟಿಗಾಗಳು ಮಾತ್ರ. 2023ರಲ್ಲಿ ಮಹೀಂದ್ರ 1,08,306 ಎಕ್ಸ್‌ಯುವಿ700 ಗಾಡಿಗಳ ಇಂಜಿನ್ ಕೋಣೆಯ ವೈರಿಂಗ್ ಉಜ್ಜಿ ಕತ್ತರಿಸಬಹುದು ಎಂದು ತಪಾಸಣೆಗೆ ಕರೆದಾಗಲೂ ತಾರೀಖು ಹೇಳಿಯೇ ಕರೆದಿತ್ತು.

ಈಗ ಬೆಂಕಿಯ ವಿಷಯ. ‘ಡೀಸೆಲ್‌ಗೆ ಅಷ್ಟು ಸುಲಭವಾಗಿ ಬೆಂಕಿ ಹತ್ತಲ್ಲ’ ಅನ್ನುವ ಮಾತು ನಮ್ಮ ಕಡೆ ಜಾಸ್ತಿ. ಅರ್ಧ ನಿಜ. ಪೆಟ್ರೋಲ್ ಸೊನ್ನೆಗಿಂತ 40 ಡಿಗ್ರಿ ಕೆಳಗಿದ್ದರೂ ಕಿಡಿ ತಾಗಿದರೆ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಡೀಸೆಲ್‌ಗೆ ಅದಕ್ಕಿಂತ ತುಂಬಾ ಬಿಸಿ ಬೇಕು. ಆದರೆ ಕಿಡಿಯೇ ಇಲ್ಲದೆ, ಬರೀ ಬಿಸಿ ಲೋಹ ತಾಗಿ ತಾನೇ ಹೊತ್ತಿಕೊಳ್ಳುವ ವಿಷಯಕ್ಕೆ ಬಂದರೆ ಲೆಕ್ಕ ತಿರುಗುತ್ತದೆ. ಅಲ್ಲಿ ಪೆಟ್ರೋಲಿಗಿಂತ ಡೀಸೆಲ್ ಮುಂದು. 210 ಡಿಗ್ರಿಯ ಆಸುಪಾಸು ಸಾಕು. ಸ್ಪಾರ್ಕ್ ಪ್ಲಗ್ ಇಲ್ಲದೆ, ಗಾಳಿ ಒತ್ತಿದ ಬಿಸಿಯಲ್ಲೇ ಉರಿಯುವ ಇಂಜಿನ್ ಅಲ್ವಾ ಅದು? ಟರ್ಬೊ, ಎಕ್ಸಾಸ್ಟ್ ಕೊಳವೆಗಳು ಇದಕ್ಕಿಂತ ಎಷ್ಟೋ ಪಾಲು ಬಿಸಿ ಇರುತ್ತವೆ.

ನಿಮ್ಮ ರೀಕಾಲಿನಲ್ಲಿ ಮಾತ್ರ ಡೀಸೆಲ್ ನೇರವಾಗಿ ಬರುವುದೇ ಇಲ್ಲ. ಅಲ್ಲಿ ಉರಿಯುವುದು ಕೂಲೆಂಟ್ (ಇಂಜಿನ್ ತಣ್ಣಗಿಡಲು ಹರಿಯುವ ದ್ರವ) ಮತ್ತು ಮಸಿ. ಕೂಲೆಂಟ್ ಉರಿಯುತ್ತದೆ ಎಂದರೆ ತುಂಬಾ ಜನ ನಂಬುವುದಿಲ್ಲ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಇಂಜಿನ್ ಹೊರಹಾಕುವ ಹೊಗೆಯಲ್ಲಿ ಒಂದಷ್ಟನ್ನು ಮತ್ತೆ ಒಳಕ್ಕೆ ಕಳಿಸುವ ವ್ಯವಸ್ಥೆಯೇ ಇಜಿಆರ್. ಇದರಿಂದ ಸಿಲಿಂಡರಿನೊಳಗಿನ ಉರಿಯ ಬಿಸಿ ತಗ್ಗುತ್ತದೆ, ನೈಟ್ರೋಜನ್ ಆಕ್ಸೈಡ್ ಎಂಬ ವಿಷಾನಿಲ ಕಡಿಮೆಯಾಗುತ್ತದೆ. ಆದರೆ ಹೊಗೆ ನೂರಾರು ಡಿಗ್ರಿ ಬಿಸಿ ಇರುತ್ತದೆ. ಅದನ್ನು ಹಾಗೇ ಒಳಗೆ ಬಿಡುವಂತಿಲ್ಲ. ಅದಕ್ಕೆ ಮಧ್ಯೆ ಒಂದು ಕೂಲರ್. ಅದರಲ್ಲಿ ಒಂದು ಕಡೆ ಬಿಸಿ ಹೊಗೆ, ತೆಳು ಲೋಹದ ಗೋಡೆಯ ಇನ್ನೊಂದು ಕಡೆ ರೇಡಿಯೇಟರಿನ ಕೂಲೆಂಟ್ ಹರಿಯುತ್ತವೆ. ಬಚ್ಚಲೊಲೆಯ ಹೊಗೆಕೊಳವೆಯ ಹಾಗೆ, ವರ್ಷ ಕಳೆದಂತೆ ಕೂಲರಿನ ಒಳಗೂ ಮಸಿ ಕಟ್ಟುತ್ತದೆ. ಕಾದು, ತಣಿದು, ಮತ್ತೆ ಕಾದು, ಲೋಹದ ಗೋಡೆ ಎಲ್ಲೋ ಒಂದು ಕಡೆ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಕೂಲೆಂಟ್ ಸ್ವಲ್ಪ ಸ್ವಲ್ಪವೇ ಮಸಿಯ ಕಡೆಗೆ ಜಿನುಗುತ್ತದೆ. ನೀರಿನ ಭಾಗ ಆವಿಯಾಗಿ ಹೋಗುತ್ತದೆ. ಉಳಿಯುವುದು ಗ್ಲೈಕಾಲ್, ಅದು ಉರಿಯುವ ವಸ್ತು. ಮಸಿ, ಎಣ್ಣೆಯ ಜಿಡ್ಡು, ಗ್ಲೈಕಾಲ್ ಮೂರೂ ಸೇರಿದ ಅಂಟಿಗೆ ಬಿಸಿ ಹೊಗೆ ತಾಗಿದರೆ ಒಳಗೇ ಕೆಂಡ ಏಳುತ್ತದೆ. ಆ ಕೆಂಡ ಮುಂದಕ್ಕೆ ಹಾರಿ ಬೀಳುವುದು ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆಯಾದ ಇನ್‌ಟೇಕ್ ಮ್ಯಾನಿಫೋಲ್ಡಿನ ಮೇಲೆ. ಈಗಿನ ಎಷ್ಟೋ ಇಂಜಿನ್‌ಗಳಲ್ಲಿ ಅದು ಪ್ಲಾಸ್ಟಿಕ್. ಕರಗಿ ತೂತಾದರೆ ಬೆಂಕಿ ಹೊರಗೆ.

ಇದು ಬರೀ ಕಾಗದದ ಮೇಲಿನ ಭಯವಲ್ಲ. 2018ರಲ್ಲಿ ದಕ್ಷಿಣ ಕೊರಿಯಾದಲ್ಲಿ ಬಿಎಂಡಬ್ಲ್ಯು ಕಾರುಗಳಿಗೆ ಒಂದರ ಹಿಂದೆ ಒಂದರಂತೆ ಬೆಂಕಿ ಬಿತ್ತು. ಹೆಚ್ಚಿನವು 520ಡಿ ಎಂಬ ಡೀಸೆಲ್ ಮಾಡೆಲ್. ಆ ಒಂದು ವರ್ಷದಲ್ಲೇ 40ಕ್ಕೂ ಹೆಚ್ಚು ಪ್ರಕರಣ. ಕಾರಣ ಇದೇ ಕೂಲರ್. ಕಂಪನಿ ಮೊದಲು ಅಲ್ಲಿ ಸುಮಾರು 1 ಲಕ್ಷ 6 ಸಾವಿರ ಕಾರುಗಳನ್ನು ಕರೆಯಿತು. ಅಕ್ಟೋಬರ್ ಹೊತ್ತಿಗೆ ಜಗತ್ತಿನಾದ್ಯಂತ ಅದು 16 ಲಕ್ಷಕ್ಕೆ ಏರಿತು. ಪಾರ್ಕಿಂಗ್ ಕಟ್ಟಡದವರು ಬಿಎಂಡಬ್ಲ್ಯು ಒಳಗೆ ಬಿಡುತ್ತಿರಲಿಲ್ಲ. ತಪಾಸಣೆ ಆಗದ ಕಾರುಗಳನ್ನು ರಸ್ತೆಗೇ ತರಬೇಡಿ ಎಂದು ಸರ್ಕಾರ ಆದೇಶ ಹೊರಡಿಸಿತು. ದೋಷ ಗೊತ್ತಿದ್ದೂ ತಡ ಮಾಡಿದ್ದಕ್ಕೆ ಡಿಸೆಂಬರಿನಲ್ಲಿ 1,120 ಕೋಟಿ ವಾನ್ ದಂಡ ಬಿತ್ತು. ಅಮೆರಿಕದಲ್ಲಿ ರ್‍ಯಾಮ್ 1500 ಡೀಸೆಲ್ ಪಿಕಪ್‌ಗಳನ್ನು 2019ರಲ್ಲಿ ಕರೆದದ್ದೂ ಕೂಲರ್ ಬಿರುಕಿಗೇ.

ಕೊರಿಯಾದ ಲೆಕ್ಕ ನೋಡಿ: ಲಕ್ಷ ಗಾಡಿಯಲ್ಲಿ ಕೆಲವು ಹತ್ತು. ಅಂದರೆ ನಾಳೆ ಬೆಳಿಗ್ಗೆ ನಿಮ್ಮ ಗಾಡಿ ಹೊತ್ತಿ ಉರಿಯುತ್ತದೆ ಎಂದು ಹೆದರಬೇಕಿಲ್ಲ. ಆದರೆ ಈ ದೋಷಕ್ಕೆ ವಯಸ್ಸು ಕೂಡಿಬರುತ್ತದೆ. ಕಿಲೋಮೀಟರ್ ಜಾಸ್ತಿಯಾದಷ್ಟೂ ಮಸಿ ಜಾಸ್ತಿ. ‘ಇಷ್ಟು ವರ್ಷ ಏನೂ ಆಗಿಲ್ಲ’ ಅನ್ನುವುದು ಇಲ್ಲಿ ಧೈರ್ಯದ ಮಾತಲ್ಲ.

ಚಾರ್ಮಾಡಿ ಬಗ್ಗೆ ಕೇಳಿದಿರಿ. ನನ್ನ ಉತ್ತರ ನಿಮಗೆ ವಿಚಿತ್ರ ಅನಿಸಬಹುದು. ಈ ಒಂದು ದೋಷದ ಮಟ್ಟಿಗೆ ಚಾರ್ಮಾಡಿಗಿಂತ ಹಾಸನ–ಬೆಂಗಳೂರು ನಾಲ್ಕು ಪಥದ ರಸ್ತೆಯ ಮೇಲೆ ನನಗೆ ಹೆಚ್ಚು ಅನುಮಾನ. ಆಕ್ಸಿಲರೇಟರ್ ಪೂರಾ ಒತ್ತಿ ಘಾಟಿ ಹತ್ತುವಾಗ ಇಂಜಿನ್ ಸಾಮಾನ್ಯವಾಗಿ ಇಜಿಆರ್ ವಾಲ್ವ್ ಮುಚ್ಚಿಕೊಳ್ಳುತ್ತದೆ, ಅದಕ್ಕೆ ಶುದ್ಧ ಗಾಳಿ ಬೇಕು. ಇಳಿಯುವಾಗ ಹೊಗೆಯಲ್ಲಿ ಬಿಸಿಯೇ ಇರುವುದಿಲ್ಲ. ವಾಲ್ವ್ ಬಹಳ ಹೊತ್ತು ತೆರೆದಿರುವುದು ಒಂದೇ ವೇಗದಲ್ಲಿ, ಅರ್ಧ ಒತ್ತಿದ ಆಕ್ಸಿಲರೇಟರಿನಲ್ಲಿ ಗಂಟೆಗಟ್ಟಲೆ ಓಡಿಸುವಾಗ. ಕೊರಿಯಾದಲ್ಲೂ ಕಂಪನಿ ಹೇಳಿದ್ದು ಇದನ್ನೇ: ಸೋರುವ ಕೂಲರ್, ಜಾಸ್ತಿ ಓಡಿದ ಗಾಡಿ, ಹೈವೇಯಲ್ಲಿ ದೀರ್ಘ ಓಟ ಸೇರಿದಾಗ ಅಪಾಯ. ಹಾಗಂತ ಘಾಟಿ ಕ್ಷೇಮ ಎಂದು ನಾನು ಹೇಳುತ್ತಿಲ್ಲ. ಚಾರ್ಮಾಡಿಯ ಹಿಮ್ಮುರಿ ತಿರುವಿನಲ್ಲಿ, ಮಂಜು ಕವಿದಾಗ, ಫೋನ್ ಸಿಗ್ನಲ್ ಇಲ್ಲದ ಕಡೆ ಹೊಗೆ ಎದ್ದರೆ ಪಕ್ಕಕ್ಕೆ ನಿಲ್ಲಿಸಲೂ ಜಾಗ ಇಲ್ಲ. ರಿಪೇರಿ ಆಗುವವರೆಗೆ ಮೂಡಿಗೆರೆ, ಬೇಲೂರು ಅಂತ ಹತ್ತಿರದ ಓಡಾಟ ಇಟ್ಟುಕೊಳ್ಳಿ. ಬೆಂಗಳೂರಿಗೆ ಬಸ್ಸಿನಲ್ಲಿ ಹೋಗಿ. ಕಂಪನಿಯೇ ‘ಓಡಿಸಬೇಡಿ’ ಎಂದು ಹೇಳಿದ್ದರೆ ಚರ್ಚೆಯೇ ಬೇಡ, ಟೋಯಿಂಗ್ ಗಾಡಿ ಕಳಿಸಲು ಅವರಿಗೇ ಹೇಳಿ.

ಅಷ್ಟರೊಳಗೆ ಗಾಡಿ ತಾನೇ ಕೆಲವು ಸುಳಿವು ಕೊಡುತ್ತದೆ. ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗ ಕೂಲೆಂಟ್ ಡಬ್ಬದ ಮಟ್ಟಕ್ಕೆ ಮಾರ್ಕರ್ ಪೆನ್ನಿನಲ್ಲಿ ಗುರುತು ಹಾಕಿ, ತಾರೀಖು ಬರೆದಿಡಿ. ವಾರ ಬಿಟ್ಟು, ಅದೇ ಹೊತ್ತಿಗೆ ನೋಡಿ. ಕೆಳಗೆ ನೆಲದ ಮೇಲೆ ಒಂದು ಹನಿಯೂ ಬಿದ್ದಿಲ್ಲ, ಆದರೆ ಮಟ್ಟ ಇಳಿದಿದೆ ಅಂದರೆ ಒಳಗೆ ಎಲ್ಲೋ ಹೋಗುತ್ತಿದೆ. ನಮ್ಮ ಕಡೆ ಇಲ್ಲೇ ಎಡವಟ್ಟಾಗುವುದು. ಮಟ್ಟ ಕಡಿಮೆಯಾದರೆ ಡ್ರೈವರ್ ಬೋರ್‌ವೆಲ್ ನೀರು ತುಂಬಿ ಮುಚ್ಚಳ ಹಾಕುತ್ತಾನೆ. ಮಾಲೀಕರಿಗೆ ಹೇಳುವುದೂ ಇಲ್ಲ. ಸೋರಿಕೆ ಕಣ್ಣಿಗೆ ಬೀಳುವುದಿಲ್ಲ, ಗಡಸು ನೀರಿನಿಂದ ಕೂಲರ್ ಇನ್ನೂ ಬೇಗ ಹಾಳಾಗುತ್ತದೆ. ತೋಟದ ಡ್ರೈವರನ್ನು ಕೂರಿಸಿಕೊಂಡು ಇದೊಂದು ಮಾತು ಕೇಳಿ: ‘ಇತ್ತೀಚೆಗೆ ನೀರು ಹಾಕ್ತಿದ್ದೀಯಾ?’ ಸರ್ವಿಸ್ ಸೆಂಟರಿನ ಕಂಪ್ಯೂಟರ್ ಹೇಳದ್ದನ್ನು ಅವನು ಹೇಳಬಹುದು.

ಬಿಳಿ ಹೊಗೆಯೂ ಒಂದು ಸುಳಿವು, ಆದರೆ ಮಲೆನಾಡಿನ ಚಳಿಯಲ್ಲಿ ಅದು ಮೋಸ ಮಾಡುತ್ತದೆ. ಡಿಸೆಂಬರ್ ಬೆಳಿಗ್ಗೆ ಯಾವ ಗಾಡಿ ಸ್ಟಾರ್ಟ್ ಮಾಡಿದರೂ ಸೈಲೆನ್ಸರಿನಲ್ಲಿ ಬಿಳಿ ಆವಿ ಬರುತ್ತದೆ, ಇಂಜಿನ್ ಬಿಸಿಯಾದ ಮೇಲೆ ನಿಲ್ಲುತ್ತದೆ. ಬಿಸಿಯಾದ ಮೇಲೂ ನಿಲ್ಲದೆ, ಸಿಹಿ ವಾಸನೆ ಬಂದರೆ ಅದು ಕೂಲೆಂಟ್. ಹಳದಿ ಇಂಜಿನ್ ದೀಪ, ಇದ್ದಕ್ಕಿದ್ದಂತೆ ಎಳೆತ ಕಡಿಮೆಯಾಗುವುದು, ಪ್ಲಾಸ್ಟಿಕ್ ಸುಟ್ಟ ವಾಸನೆ, ಇವುಗಳಲ್ಲಿ ಯಾವುದು ಕಂಡರೂ ‘ಮನೆ ಮುಟ್ಟಿಸೋಣ’ ಎಂದು ಓಡಿಸಬೇಡಿ. ನಿಲ್ಲಿಸಿ, ಇಂಜಿನ್ ಆಫ್ ಮಾಡಿ, ಎಲ್ಲರೂ ಇಳಿದು ನೂರು ಅಡಿ ದೂರ ಹೋಗಿ 112ಕ್ಕೆ ಫೋನ್ ಮಾಡಿ. ಬಾನೆಟ್ ಸಂದಿಯಿಂದ ಹೊಗೆ ಬರುತ್ತಿದ್ದರೆ ಅದನ್ನು ಎತ್ತಲೇಬೇಡಿ. ಗಾಳಿ ಸಿಕ್ಕಿ ಭಗ್ಗನೆ ಏಳುತ್ತದೆ. ಬೆಂಕಿ ಆರಿಸುವ ಎರಡು ಕೆಜಿಯ ಎಬಿಸಿ ಪೌಡರ್ ಸಿಲಿಂಡರ್ ಸೀಟಿನ ಹತ್ತಿರವೇ ಇಡಿ. ಡಿಕ್ಕಿಯಲ್ಲಿ ಗೊಬ್ಬರದ ಚೀಲದ ಕೆಳಗಿದ್ದರೆ ಅದು ಇದ್ದೂ ಇಲ್ಲದ ಹಾಗೆ.

ಎಲ್ಲಿ ನಿಲ್ಲಿಸುತ್ತೀರಿ ಎನ್ನುವುದನ್ನು ಈಗಲೇ ಬದಲಾಯಿಸಿ, ಇದಕ್ಕೆ ಯಾರ ಅಪ್ಪಣೆಯೂ ಬೇಡ. ಒಳಗೆ ಎದ್ದ ಕೆಂಡ ಇಂಜಿನ್ ಆಫ್ ಮಾಡಿದ ತಕ್ಷಣ ಆರಬೇಕೆಂದಿಲ್ಲ. ಮನೆಗೆ ಹೊಂದಿಕೊಂಡ ಪೋರ್ಟಿಕೊ, ಕಾಫಿ ಗೋಡೌನ್, ಗೋಣಿಚೀಲದ ರಾಶಿ, ಪಂಪ್‌ಸೆಟ್ಟಿಗೆಂದು ಇಟ್ಟ ಡೀಸೆಲ್ ಬ್ಯಾರೆಲ್, ಎಲ್ಲದರಿಂದ ದೂರ, ಬಯಲಲ್ಲಿ ನಿಲ್ಲಿಸಿ. ಕಾಫಿ ಒಣಗಿಸುವ ಕಣ ಖಾಲಿ ಇದ್ದರೆ ಅದೇ ಒಳ್ಳೆಯ ಜಾಗ. 2023ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಲೂಟನ್ ವಿಮಾನ ನಿಲ್ದಾಣದ ಪಾರ್ಕಿಂಗ್ ಕಟ್ಟಡದಲ್ಲಿ ಒಂದು ಡೀಸೆಲ್ ಗಾಡಿಗೆ ಹತ್ತಿದ ಬೆಂಕಿ ಸಾವಿರಕ್ಕೂ ಹೆಚ್ಚು ವಾಹನಗಳನ್ನು ಸುಟ್ಟು, ಕಟ್ಟಡವನ್ನೇ ಕುಸಿಯುವಂತೆ ಮಾಡಿತು. ಅದು ಈ ಕೂಲರಿನಿಂದ ಆದದ್ದು ಎಂದು ನಾನು ಹೇಳುತ್ತಿಲ್ಲ. ಒಂದು ಗಾಡಿಯ ಬೆಂಕಿ ಪಕ್ಕದ್ದಕ್ಕೆ ಎಷ್ಟು ಬೇಗ ಹರಡುತ್ತದೆ ಎಂದು ತಿಳಿಯಲು ಹೇಳಿದೆ.

ಗೆಳೆಯರಲ್ಲಿ 2020ರ ನಂತರದ, ಬಿಎಸ್6 ಎಂಬ ಹೊಸ ಹೊಗೆ ನಿಯಮಕ್ಕೆ ಒಳಪಟ್ಟ ಡೀಸೆಲ್ ಗಾಡಿ ಇಟ್ಟವರಿದ್ದರೆ ಅವರಿಗೆ ಬೇರೆ ಒಂದು ಮಾತು. ಆ ಗಾಡಿಗಳಲ್ಲಿ ಡಿಪಿಎಫ್ ಎಂಬ ಮಸಿ ಜರಡಿ ಇರುತ್ತದೆ. ಅದು ತನ್ನ ಮಸಿಯನ್ನು ತಾನೇ ಸುಡುವಾಗ 600 ಡಿಗ್ರಿ ಮುಟ್ಟುತ್ತದೆ. ಫೆಬ್ರವರಿ, ಮಾರ್ಚಿನಲ್ಲಿ ಸಿಲ್ವರ್ ಓಕ್ ತರಗೆಲೆಯ ಮೇಲೋ ಮುಳ್ಳಯ್ಯನಗಿರಿ ಕಡೆಯ ಒಣ ಹುಲ್ಲಿನ ಮೇಲೋ ಅಂಥ ಗಾಡಿ ನಿಲ್ಲಿಸಬಾರದು. ಇದಕ್ಕೆ ರೀಕಾಲ್ ಬರುವುದಿಲ್ಲ, ಗಾಡಿಯ ಸ್ವಭಾವವೇ ಅದು.

ಈಗ ಇಜಿಆರ್ ಬ್ಲಾಕ್ ಮಾಡಿಸುವ ಸಲಹೆ. ನಿಮ್ಮ ಮೆಕ್ಯಾನಿಕ್ ಹೇಳಿದ್ದರಲ್ಲಿ ತರ್ಕ ಇಲ್ಲ ಎಂದಲ್ಲ. ತಗಡು ಹಾಕಿ ದಾರಿ ಮುಚ್ಚಿದರೆ ಕೂಲರಿಗೆ ಬಿಸಿ ಹೊಗೆ ಹೋಗುವುದಿಲ್ಲ, ಕೆಂಡ ಏಳುವ ಆ ಒಂದು ದಾರಿ ತಪ್ಪುತ್ತದೆ. ಆದರೂ ನಾನು ಬೇಡ ಅನ್ನುತ್ತೇನೆ. ಬಿರುಕು ಬಿಟ್ಟ ಕೂಲರ್ ಅಲ್ಲೇ ಇರುತ್ತದೆ, ಕೂಲೆಂಟ್ ಅದರೊಳಗೆ ಹರಿಯುತ್ತಲೇ ಇರುತ್ತದೆ, ಸೋರುತ್ತಲೂ ಇರುತ್ತದೆ. ಕೂಲೆಂಟ್ ಖಾಲಿಯಾದರೆ ಇಂಜಿನ್ ಹೆಡ್ಡೇ ಹೋಗುತ್ತದೆ, ಆ ಖರ್ಚಿನ ಮುಂದೆ ಕೂಲರ್ ಏನೂ ಅಲ್ಲ. ಎಲ್ಲೋ ಕತ್ತರಿಸಿದ ತಗಡಿನ ಸಂದಿಯಿಂದ ಬಿಸಿ ಹೊಗೆ ವೈರಿಂಗಿನ ಮೇಲೆ ಬಡಿದರೆ ಹೊಸ ಬೆಂಕಿಗೆ ನೀವೇ ದಾರಿ ಮಾಡಿದ ಹಾಗೆ. ಹೊಗೆ ನಿಯಂತ್ರಣದ ಭಾಗವನ್ನು ಹೀಗೆ ಕೈಬಿಡುವುದನ್ನು ಕಾನೂನೂ ಒಪ್ಪುವುದಿಲ್ಲ. ಇನ್ನೂ ದೊಡ್ಡ ತೊಂದರೆ ಎಂದರೆ, ಮುಂದೆ ಏನಾದರೂ ಆದರೆ ಕಂಪನಿಯೂ ಇನ್ಶೂರೆನ್ಸಿನವರೂ ಮೊದಲು ಬೆರಳು ತೋರಿಸುವುದು ಆ ತಗಡಿಗೆ. ಬಿಟ್ಟಿಯಾಗಿ ಹೊಸ ಕೂಲರ್ ಕೊಡುತ್ತೇನೆ ಎಂದು ಕಂಪನಿ ಕರೆಯುತ್ತಿರುವಾಗ ದುಡ್ಡು ಕೊಟ್ಟು ಆ ಹಕ್ಕನ್ನು ಹಾಳು ಮಾಡಿಕೊಳ್ಳುವುದು ಯಾಕೆ? ಮಂಜಿಗೆಂದು ಹಾಕಿಸಿದ ಹೆಚ್ಚುವರಿ ಲೈಟು, ಹಾರ್ನುಗಳ ವೈರಿಂಗಿಗೂ ಇದೇ ಮಾತು. ಫ್ಯೂಸ್, ರಿಲೇ ಇಲ್ಲದ ಜೋಡಣೆ ಇದ್ದರೆ ರೀಕಾಲಿಗೆ ಮೊದಲೇ ಬಿಚ್ಚಿಸಿ.

ಇನ್ಶೂರೆನ್ಸ್ ಎಂದ ಮೇಲೆ ಒಮ್ಮೆ ಪಾಲಿಸಿ ತೆಗೆದು ನೋಡಿ. ಹಳೆ ಗಾಡಿ ಎಂದು ಬರೀ ಥರ್ಡ್ ಪಾರ್ಟಿ ಕಟ್ಟಿದ್ದರೆ ಬೆಂಕಿಗೆ ನಯಾಪೈಸೆ ಸಿಗುವುದಿಲ್ಲ.

ಏಳು ವರ್ಷದ ಮಾತು ಎಲ್ಲಿಂದ ಬಂತು ಎಂದರೆ, 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 110ಎ ಸೆಕ್ಷನ್ನಿನಿಂದ. ದೋಷವಿರುವ ಗಾಡಿಗಳನ್ನು ವಾಪಸ್ ಕರೆಯುವಂತೆ ಕಂಪನಿಗೆ ಆದೇಶ ಮಾಡುವ ಅಧಿಕಾರ ಅದರಿಂದ ಕೇಂದ್ರ ಸರ್ಕಾರಕ್ಕೆ ಸಿಕ್ಕಿತು. ಇದರ ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಗೆ ಬಂದವು. ಕಂಪನಿಗೆ 10 ಲಕ್ಷದಿಂದ 1 ಕೋಟಿ ರೂಪಾಯಿವರೆಗೆ ದಂಡ ಹಾಕಬಹುದು. ಆದರೆ ಈ ಕಡ್ಡಾಯ ರೀಕಾಲ್ ಏಳು ವರ್ಷದೊಳಗಿನ ಗಾಡಿಗಳಿಗೆ ಮಾತ್ರ. ನಿಮಗೆ ಹೇಳಿದವರು ಇಷ್ಟನ್ನು ಸರಿಯಾಗಿಯೇ ಹೇಳಿದ್ದಾರೆ. ಆದರೆ ನಮ್ಮಲ್ಲಿ ರೀಕಾಲ್ ಎಂದು ಸುದ್ದಿಯಾಗುವುದರಲ್ಲಿ ಹೆಚ್ಚಿನವು ಕಂಪನಿಗಳು ತಾವಾಗಿ ಘೋಷಿಸುವಂಥವು. ವಾಹನ ತಯಾರಕರ ಸಂಘ ಸಿಯಾಮ್ 2012ರಿಂದಲೇ ಇದಕ್ಕೊಂದು ಪದ್ಧತಿ ಮಾಡಿಕೊಂಡಿದೆ. ದೋಷ ಕಂಡ ಕೂಡಲೇ ಕಂಪನಿಯೇ ಸರ್ಕಾರಕ್ಕೆ ತಿಳಿಸಿ ರೀಕಾಲ್ ಶುರು ಮಾಡಿದರೆ ದಂಡವೂ ಇಲ್ಲ, ಅದಕ್ಕೇ ಅವರಿಗೂ ಅದು ಲಾಭ. ಅಂಥ ರೀಕಾಲಿನಲ್ಲಿ ನೋಡುವುದು ನಿಮ್ಮ ಚಾಸಿಸ್ ನಂಬರ್ ಪಟ್ಟಿಯಲ್ಲಿದೆಯಾ ಎಂದು. ಇದ್ದರೆ ಕೆಲಸ ಉಚಿತ. ವಾರಂಟಿ ಮುಗಿದಿರಲಿ, ನೀವು ಎರಡನೇ ಮಾಲೀಕರಾಗಿರಲಿ, ಹೊರಗಿನ ಗ್ಯಾರೇಜಿನಲ್ಲಿ ಸರ್ವಿಸ್ ಮಾಡಿಸಿರಲಿ, ಅದೊಂದೂ ಲೆಕ್ಕಕ್ಕಿಲ್ಲ. ಕೌಂಟರಿನಲ್ಲಿರುವ ಹುಡುಗ ಇದನ್ನು ಒಪ್ಪದಿದ್ದರೆ ಜಗಳ ಬೇಡ, ಸರ್ವಿಸ್ ಮ್ಯಾನೇಜರನ್ನು ಕರೆಸಿ.

ಹಾಸನಕ್ಕೋ ಚಿಕ್ಕಮಗಳೂರಿಗೋ ಹೊರಡುವ ಮುಂಚೆ ಫೋನ್ ಮಾಡಿ, ಕೂಲರ್ ಸ್ಟಾಕ್ ಇದೆಯಾ ಎಂದು ಕೇಳಿಕೊಳ್ಳಿ. ಇಲ್ಲದಿದ್ದರೆ ಗಾಡಿ ನೋಡಿ, ‘ಪಾರ್ಟ್ ಬಂದ ಮೇಲೆ ಹೇಳ್ತೀವಿ ಸಾರ್’ ಎಂದು ವಾಪಸ್ ಕಳಿಸುತ್ತಾರೆ. ಅಲ್ಲಿ ಹೋದಾಗ ಕೇಳಬೇಕಾದ ಮುಖ್ಯ ಪ್ರಶ್ನೆ ಒಂದೇ: ಬರೀ ನೋಡಿ ಬಿಡುತ್ತೀರಾ, ಬದಲಾಯಿಸುತ್ತೀರಾ? ಕೊರಿಯಾದಲ್ಲಿ ತಪಾಸಣೆ ಮಾಡಿ ‘ಸರಿ ಇದೆ’ ಎಂದು ಕಳಿಸಿದ ಕಾರಿಗೂ ಬೆಂಕಿ ಬಿದ್ದ ಪ್ರಕರಣ ಇತ್ತು. ಬರೀ ತಪಾಸಣೆ ಎಂದರೆ ಒತ್ತಡ ಪರೀಕ್ಷೆ ಮಾಡಿದರಾ ಎಂದು ಕೇಳಿ, ನಿಮ್ಮ ಕೂಲೆಂಟ್ ಗುರುತಿನ ವಿಷಯ ಹೇಳಿ, ಅದನ್ನು ಜಾಬ್ ಕಾರ್ಡಿನಲ್ಲಿ ಬರೆಸಿ. ಕೂಲರ್ ಸೋರಿದ್ದು ಕಂಡರೆ ಇನ್‌ಟೇಕ್ ಮ್ಯಾನಿಫೋಲ್ಡ್ ಬಿಚ್ಚಿ ಒಳಗೂ ನೋಡಲೇಬೇಕು. ಕೆಲಸ ಮುಗಿದ ಮೇಲೆ ರೀಕಾಲ್ ಸಂಖ್ಯೆ, ಹಾಕಿದ ಪಾರ್ಟ್ ನಂಬರ್, ಸೊನ್ನೆ ರೂಪಾಯಿ ಬಿಲ್, ಮೂರೂ ಇರುವ ಕಾಗದ ಕೈಗೆ ಬರಬೇಕು. ಆರ್‌ಸಿ ಜೊತೆ ಇಡಿ.

ಪಾರ್ಟ್ ಇಲ್ಲ ಎಂದು ತಿಂಗಳುಗಟ್ಟಲೆ ಎಳೆದರೆ ಫೋನಿನಲ್ಲಿ ಕೂಗಾಡಿ ಪ್ರಯೋಜನವಿಲ್ಲ. ಚಾಸಿಸ್ ನಂಬರ್ ಬರೆದು ಇಮೇಲ್ ಕಳಿಸಿ, ಅಲ್ಲಿಯವರೆಗೆ ಬದಲಿ ಗಾಡಿ ಕೊಡುತ್ತೀರಾ ಎಂದೂ ಕೇಳಿ. ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ, ಕನ್ನಡದಲ್ಲೂ ಮಾತಾಡಬಹುದು. ಅಲ್ಲೂ ಆಗದಿದ್ದರೆ ಚಿಕ್ಕಮಗಳೂರಿನ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಕಾಯ್ದೆ ಬಂದ ಮೇಲೆ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಗಾಡಿ ಬೆಂಗಳೂರಿನಲ್ಲಿ ಕೊಂಡದ್ದು ಎಂದು ಅಲ್ಲಿಗೆ ಅಲೆಯಬೇಕಿಲ್ಲ.

ಕೊನೆಗೆ, ಮಾರುವ ವಿಷಯ. ಈ ದೋಷ ಒಂದರಿಂದಲೇ ಗಾಡಿ ಮಾರುವ ಅಗತ್ಯ ನನಗೆ ಕಾಣುವುದಿಲ್ಲ. ಹೊಸ ಕೂಲರ್ ಕೂತ ಮೇಲೆ ನಿಮ್ಮ ಗಾಡಿ ಮೊದಲಿಗಿಂತ ಗಟ್ಟಿ, ಒಳಗಿನ ಮಸಿಯೂ ಒಮ್ಮೆ ತೆಗೆದಂತಾಗುತ್ತದೆ. ಬೇರೆ ಕಾರಣಕ್ಕೆ ಮಾರುವುದಾದರೆ ರಿಪೇರಿ ಮುಗಿಸಿಯೇ ಮಾರಿ. ಆ ಸೊನ್ನೆ ಬಿಲ್ ತೋರಿಸಿದರೆ ಕೊಳ್ಳುವವರು ಚೌಕಾಸಿ ಮಾಡುವುದೂ ಕಡಿಮೆ. ಕೈಬದಲಾದ ದಿನವೇ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಹೊಸ ಮಾಲೀಕರ ನಂಬರ್ ಸೇರಿಸಲು ಹೇಳಿ.